ಗೋಡೆಗೆ ಮುಖ ಮಾಡಿದ ತಟ್ಟೆ

ಕೈಹಿಡಿದ ಯಜಮಾನರು ತೀರಿಕೊಂಡ ಮೇಲೂ ಅಡುಗೆಯಮ್ಮ ಇಬ್ಬರಿಗಾಗುವಷ್ಟೇ ಅಕ್ಕಿ ಹಾಕುತ್ತಿದ್ದಳು. ಮರೆವಿನಿಂದಲ್ಲ. ಒಲೆಯ ಎದುರು ಗೋಡೆಯ ಮೊಳೆಗೆ ಅವರ ತಗಡಿನ ತಟ್ಟೆ ಮುಖವನ್ನು ಈಚೆಗೆ ಮಾಡಿಕೊಂಡು ತೂಗುತ್ತಿತ್ತು. ಮುಖ ಈಚೆಗಿರುವ ತಟ್ಟೆಗೆ ಬೇಯಿಸದೆ ಇರುವುದು ಆಕೆಯ ಕೈಗೆ ಗೊತ್ತಿರಲಿಲ್ಲ.

ಆಕೆ ಹುಟ್ಟಿ ಬೆಳೆದದ್ದು ಹಗ್ಗದ ಕಾರ್ಖಾನೆಯ ಊಟದ ಮನೆಯಲ್ಲಿ. ತಾಯಿ ಅಲ್ಲಿ ಅಡುಗೆಯವಳು. ತಾಯಿಯ ಕೈ ಸೋತ ಮೇಲೆ ಸೌಟು ಮಗಳಿಗೆ ಬಂತು, ಅದರ ಹಿಂದೆಯೇ ಅಡುಗೆಯಮ್ಮ ಎಂಬ ಹೆಸರೂ ಬಂತು. ಕಾರ್ಖಾನೆಯಲ್ಲಿ ಹಗ್ಗ ಹೊಸೆಯುತ್ತಿದ್ದವರೆಲ್ಲ ಹಡಗು ಹತ್ತಿ ಬಂದ ಪರವೂರಿನವರು. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಮಧ್ಯಾಹ್ನ ಊಟಕ್ಕೆ ಬರುತ್ತೇನೆ, ಬರುವುದಿಲ್ಲ ಎಂದು ತಿಳಿಸುವುದೇ ಒಂದು ಪಾಡು. ಅದಕ್ಕಾಗಿ ಗೋಡೆಯ ಏರ್ಪಾಡು ಹುಟ್ಟಿಕೊಂಡಿತು. ಒಬ್ಬೊಬ್ಬನಿಗೂ ಒಂದು ತಟ್ಟೆ, ಒಂದು ಮೊಳೆ. ಉಣ್ಣಲು ಬರುವವನು ತಟ್ಟೆಯ ಮುಖವನ್ನು ಈಚೆಗೆ ಬಿಟ್ಟು ಕೆಲಸಕ್ಕೆ ಹೋಗುವನು. ಬಾರದವನು ಗೋಡೆಗೆ ತಿರುಗಿಸಿ ಹೋಗುವನು. ಅಡುಗೆಯವಳು ಗೋಡೆ ನೋಡಿ ಅಕ್ಕಿ ಅಳೆಯುವಳು. ಯಾರಾದರೂ ಸತ್ತರೆ, ಬೆಂಚಿನಲ್ಲಿ ಅವನ ಪಕ್ಕಕ್ಕೆ ಕೂರುತ್ತಿದ್ದವನೇ ಆ ತಟ್ಟೆಯನ್ನು ತಿರುಗಿಸಬೇಕು. ಅಲ್ಲಿಯವರೆಗೆ ಸತ್ತವನ ಪಾಲೂ ಬೇಯುತ್ತಿರಬೇಕು. ತಿರುಗಿಸಿದ ತಟ್ಟೆ ಮುಂದೆ ಬರುವ ಹೊಸಬನದು. ಹಡಗಿನಲ್ಲಿ ಬಂದು ಹಗ್ಗ ಹೊಸೆದ ಯಜಮಾನರಿಗೆ ಸಿಕ್ಕಿದ್ದೂ ಹಾಗೆ ತಿರುಗಿಸಿಟ್ಟ ತಟ್ಟೆಯೇ.

ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಊರಿನ ಗ್ರಂಥಾಲಯದಲ್ಲಿ ಈಗ ಬಂದವರ ಕಥೆ ಎಂದು ತಿಂಗಳಿಗೊಂದು ಉಪನ್ಯಾಸ ನಡೆಯುತ್ತಿತ್ತು. ಹಡಗಿನ ಪಯಣದ ಬಗ್ಗೆ, ಹಗ್ಗದ ಕೆಲಸದ ಬಗ್ಗೆ ಯಜಮಾನರೇ ಹೇಳಿದ್ದರು. ಊಟದ ಮನೆಯ ಬಗ್ಗೆ ಹೇಳುವುದು ಉಳಿದಿತ್ತು. ಅಷ್ಟರಲ್ಲಿ ದೇವರು ಕರೆಸಿಕೊಂಡ.

ಗ್ರಂಥಪಾಲಕಿ ಮನೆಗೇ ಬಂದಳು.

“ಅಮ್ಮಾ, ಕೊನೇ ಉಪನ್ಯಾಸ ಬಾಕಿ ಇದೆ. ನೀವು ಬಂದು ನಡೆಸಿಕೊಡಬೇಕು.”

“ನಾನೇನು ಉಪನ್ಯಾಸ ಮಾಡ್ಲಿ ತಾಯಿ? ನಂಗೆ ಬರೋದು ಸೌಟಾಡಿಸೋದು.”

“ಅದನ್ನೂ ಮಾಡಿ. ಮಾತು ಮುಗಿದ ಮೇಲೆ ಎಲ್ಲರಿಗೂ ಅಲ್ಲೇ ಹಳೇ ಕಾಲದ ಊಟ. ಗೋಡೆಗೆ ತಟ್ಟೆ ನೇತುಹಾಕ್ತೀವಿ. ಹೋದವರ ತಟ್ಟೆ ಹೇಗೆ ತಿರುಗಿಸ್ತಿದ್ರು ಅಂತ ತೋರಿಸಿಕೊಡಿ, ಸಾಕು.” ಗ್ರಂಥಪಾಲಕಿಯ ಕಣ್ಣು ಒಲೆಯ ಎದುರಿನ ಮೊಳೆಯ ಕಡೆ ಹೋಯಿತು. “ಆ ತಟ್ಟೆ ತರ್ತೀರಾ?”

ಅಡುಗೆಯಮ್ಮ ಬಾಯಿ ಬಿಡುವ ಮೊದಲೇ ಮಗಳು ಒಳಗಿನಿಂದ ಬಂದಳು. “ತರ್ತಾಳೆ. ದಿನಾ ಅಪ್ಪನ ಪಾಲು ನಾನು ತಿಂದು ತಿಂದು, ಬಾಗಿಲಲ್ಲಿ ಅಡ್ಡಡ್ಡ ನುಸುಳೋ ಹಾಗಾಗಿದೀನಿ.” ಆಮೇಲೆ ತಾಯಿಯ ಭುಜದ ಮೇಲೆ ಕೈಯಿಟ್ಟು ದನಿ ತಗ್ಗಿಸಿದಳು. “ನೀನು ಬೇಯಿಸಿದ್ದು ಅಪ್ಪಂಗೆ ಮುಟ್ಟಿದೆ ಅಮ್ಮ. ಇನ್ನು ಸಾಕು.”

ಅಡುಗೆಯಮ್ಮ ಹೂಂ ಎಂದಳು. ಸಂಜೆ ದೀಪ ಹಚ್ಚಿ ಕೈಮುಗಿದು ಕೂತಾಗ ಮಾತ್ರ ಎದೆಯಲ್ಲಿದ್ದುದು ಹೊರಗೆ ಬಂತು. “ದೇವರೇ, ನಾನದನ್ನ ತಿರುಗಿಸಿದ್ರೆ ಅವರನ್ನ ಮನೆಯಿಂದ ಆಚೆ ಕಳಿಸಿದ ಹಾಗಲ್ವಾ?” ದೀಪ ತನ್ನ ಪಾಡಿಗೆ ಉರಿಯಿತು.

ಉಪನ್ಯಾಸದ ದಿನ ಗ್ರಂಥಾಲಯದ ಓದುವ ಮೇಜುಗಳನ್ನು ಸಾಲಾಗಿ ಜೋಡಿಸಿ, ಪತ್ರಿಕೆಗಳನ್ನು ಎತ್ತಿಟ್ಟು, ಬಟ್ಟೆ ಹಾಸಿದ್ದರು. ಗೋಡೆಯಲ್ಲಿ ಹಳೆಯ ಕೆಲಸಗಾರರ ಮನೆಯವರು ತಂದುಕೊಟ್ಟ ತಟ್ಟೆಗಳು ತೂಗುತ್ತಿದ್ದವು. ಅಡುಗೆಯಮ್ಮ ಯಜಮಾನರ ತಟ್ಟೆಯನ್ನು ಸೆರಗಿನಿಂದ ಒರೆಸಿ ಕೊನೆಯ ಮೊಳೆಗೆ ಹಾಕಿದಳು, ಮುಖ ಈಚೆಗೆ. ಬಂದವರಲ್ಲಿ ಗಂಟಣ್ಣನೂ ಇದ್ದ. ಕಾರ್ಖಾನೆಯಲ್ಲಿ ಹಗ್ಗಕ್ಕೆ ಗಂಟು ಹಾಕುತ್ತಿದ್ದವನು, ಬೆಂಚಿನಲ್ಲಿ ಯಜಮಾನರ ಪಕ್ಕಕ್ಕೆ ಕೂರುತ್ತಿದ್ದವನು.

ಮಾತಿಗೆ ನಿಂತ ಅಡುಗೆಯಮ್ಮ ಮೊದಮೊದಲು ತಡವರಿಸಿದಳು. ಅಕ್ಕಿ ಅಳೆಯುವ ಮಾತು ಬಂದ ಮೇಲೆ ದನಿ ಸಲೀಸಾಯಿತು.

“ಒಂದಿನ ಈ ಗಂಟಣ್ಣ ತಮಾಷೆಗೆ ನಮ್ಮೆಜಮಾನ್ರ ತಟ್ಟೆ ತಿರುಗಿಸಿಬಿಟ್ಟ. ನಾನು ಗೋಡೆ ನೋಡಿ ಒಂದು ಪಾಲು ಕಡಿಮೆ ಬೇಯಿಸಿದೆ. ಅವರು ಹಸಿದು ಬಂದು ನಿಂತ್ಕೊಂಡ್ರು. ಏನು ಮಾಡ್ಲಿ? ನನ್ನ ಪಾಲನ್ನೇ ಬಡಿಸಿದೆ.”

“ನೋಡಿ ಸ್ವಾಮಿ!” ಗಂಟಣ್ಣ ಕೂತಲ್ಲಿಂದಲೇ ಕೂಗಿದ. “ಈ ಮದುವೆ ಮಾಡಿಸಿದೋನು ನಾನು. ಇವತ್ತಿನವರೆಗೂ ಒಂದು ಲೋಟ ಕಾಫಿ ಕೊಟ್ಟು ಉಪಕಾರ ನೆನೆದವರಿಲ್ಲ.”

ಸಭೆಯೆಲ್ಲ ನಕ್ಕಿತು. ಆಕೆಯೂ ನಕ್ಕಳು. ನಗು ಇಳಿದ ಮೇಲೆ ಎಲ್ಲರ ಕಣ್ಣೂ ಗೋಡೆಯ ಕಡೆ ಹೋಯಿತು. ಇನ್ನು ಉಳಿದದ್ದು ಅದೊಂದೇ.

ಅಡುಗೆಯಮ್ಮ ಹೋಗಿ ತಟ್ಟೆಯ ಅಂಚು ಹಿಡಿದಳು. ತಿರುಗಿಸಲು ಕೈ ಬರಲಿಲ್ಲ. ಕೊನೆಗೆ ಹಿಂದಿರುಗಿ ನೋಡಿ, “ಗಂಟಣ್ಣ, ಅವರ ಪಕ್ಕಕ್ಕೆ ಕೂರ್ತಿದ್ದೋನು ನೀನು. ನೀನೇ ತಿರುಗಿಸಪ್ಪ” ಅಂದಳು.

ಗಂಟಣ್ಣ ಕೋಲೂರಿಕೊಂಡು ಹತ್ತಿರ ಬಂದ. ಈಗ ಅವನ ಮುಖದಲ್ಲಿ ತಮಾಷೆಯಿರಲಿಲ್ಲ.

“ಅವತ್ತು ಒಂದು ಸಲ ತಿರುಗಿಸಿದ್ದಕ್ಕೆ ನನ್ನ ಜಾಗ ನಿಂಗೆ ಹೋಯ್ತು ಅತ್ತಿಗೆ. ಆಮೇಲೆ ಇಡೀ ಜನ್ಮ ಪಕ್ಕದಲ್ಲಿ ಕೂತೋಳು ನೀನು. ನಾನು ತಿರುಗಿಸಿದ್ರೆ ಅದು ಲೆಕ್ಕಕ್ಕಿಲ್ಲ. ಅವನು ಕಾಯ್ತಿರೋದು ನಿನ್ನ ಕೈಗೆ.”

ಆಕೆ ಕಣ್ಣು ಮುಚ್ಚಿ ದೇವರನ್ನು ನೆನೆದಳು. ತಟ್ಟೆಯನ್ನು ಮೊಳೆಯಿಂದ ತೆಗೆದು, ತಿರುಗಿಸಿ, ಮತ್ತೆ ಮೊಳೆಗೆ ಹಾಕಿದಳು.

ಈಗ ತಟ್ಟೆಯ ಬೆನ್ನು ಎದುರಿಗಿತ್ತು. ದಿನವೂ ಉಜ್ಜಿ ತೊಳೆದ ಬೆನ್ನೇ. ಆದರೂ ನಿಂತು ನೋಡಿದ್ದು ಅದೇ ಮೊದಲು. ಅದರಲ್ಲಿ ಉಂಡವರು ಒಬ್ಬೊಬ್ಬರೂ ತಮ್ಮ ಗುರುತು ಗೀರಿದ್ದರು: ಒಂದು ಮೀನು, ಒಂದು ಎಲೆ, ಅವುಗಳ ಕೆಳಗೆ ಯಜಮಾನರ ಹಗ್ಗದ ಸುರುಳಿ. ಸುರುಳಿಯ ಕೆಳಗೆ ಇನ್ನೂ ಜಾಗವಿತ್ತು.

ಬಡಿಸುವ ಹೊತ್ತಾಯಿತು. ಗಂಜಿ, ಬೇಳೆ, ಬೇಯಿಸಿದ ಗೆಣಸು. ಗ್ರಂಥಪಾಲಕಿ ಆಕೆಯ ಕಿವಿಯ ಬಳಿ ಬಂದು, “ಅಮ್ಮಾ, ಒಂದು ತಟ್ಟೆ ಕಡಿಮೆ ಬಿತ್ತು” ಎಂದು ಬಾಗಿಲ ಕಡೆ ತೋರಿಸಿದಳು. ಬಾಗಿಲ ಪಕ್ಕದ ಕುರ್ಚಿಯ ಅಂಚಿನಲ್ಲಿ ಒಬ್ಬಳು ಹೆಂಗಸು, ಯಾರಾದರೂ ಏಳು ಎಂದರೆ ಎದ್ದು ಹೋಗುವವಳಂತೆ ಕೂತಿದ್ದಳು. ಊರಿಗೆ ಹೊಸದಾಗಿ ಬಂದವಳು, ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ. ಇಲ್ಲಿನ ಮಾತು ಕಲಿಯಲೆಂದು ಗ್ರಂಥಾಲಯಕ್ಕೆ ಬರುತ್ತಿದ್ದಳಂತೆ.

ಅಡುಗೆಯಮ್ಮ ಕೊನೆಯ ಮೊಳೆಯ ಕಡೆ ನಡೆದಳು. ತಟ್ಟೆಯನ್ನು ತೆಗೆದು, ತೊಳೆದು, ತುಂಬ ಬಡಿಸಿ, ತಂದು ಆ ಹೆಂಗಸಿನ ಮುಂದಿಟ್ಟಳು. ಅವಳು ಗೋಡೆಯಲ್ಲಿ ಖಾಲಿಯಾದ ಮೊಳೆಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು.

“ಇದು… ಯಾರದು?”

“ನಮ್ಮೆಜಮಾನ್ರದು.”

“ಅವರಿಗೆ ಊಟ?”

“ಅವರದು ಊಟ ಆಯ್ತಮ್ಮ,” ಎಂದಳು ಅಡುಗೆಯಮ್ಮ. ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಆಕೆಯ ಕಣ್ಣು ತುಂಬಿತು. “ನೀನು ಉಣ್ಣು. ಆರಿಹೋಗತ್ತೆ.”

ಅವಳು ಇನ್ನೂ ಹಿಂದೆಮುಂದೆ ನೋಡುತ್ತಿದ್ದಳು. ಅಡುಗೆಯಮ್ಮ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತಳು.