ವರದಿಗೆ ಸೇರಿದ ಅತ್ತೆ

ಮಗುವಿಗಿಂತ ಮೊದಲು ಅತ್ತೆ ಬಂದರು. ಎರಡು ಸೂಟ್‌ಕೇಸು, ಮೊಣಕಾಲಿಗೆ ಹಚ್ಚುವ ಎಣ್ಣೆ, ಜೊತೆಗೆ ತಾವೇ ಹೊಲಿದ ಒಂದು ಪುಟ್ಟ ಟೋಪಿ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬಾರದು ಅಂತಾರೆ. ಈ ಕೂಸು ಹುಟ್ಟಿ ನಾಲ್ಕು ವರ್ಷ ಆಯ್ತಲ್ಲ, ತಪ್ಪಿಲ್ಲ ಬಿಡು," ಎಂದು ಬಾಗಿಲಲ್ಲೇ ಹೇಳಿ ಟೋಪಿಯನ್ನು ಸೊಸೆಯ ಕೈಗಿಟ್ಟರು. ಕೆಳಗಿನ ಮಹಡಿಗೂ ಕೇಳಿಸುವ ದನಿ. ಆಯುಷ್ಯದ ಅರ್ಧ ಭಾಗ ಬಸ್ಸಿನಲ್ಲಿ ಟಿಕೆಟ್ ಕೊಟ್ಟು, ಇಂಜಿನ್ನಿನ ಸದ್ದನ್ನು ಮೀರಿಸಿ ಕೂಗಿ ಪಳಗಿದ ದನಿ ಅದು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಎಲ್ಲರ ಬಾಯಲ್ಲಿ ಅವರು ಕಂಡಕ್ಟರಮ್ಮನೇ.

ಕೂಸು ಇದ್ದದ್ದು ಸಮುದ್ರದಾಚೆಯ ಒಂದು ದೇಶದಲ್ಲಿ, ಮಕ್ಕಳ ಮನೆಯೊಂದರಲ್ಲಿ. ದತ್ತು ಸಂಸ್ಥೆಯವರು ಕಳಿಸಿದ ಫೋಟೋದಲ್ಲಿ ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಒಂದು ಕಾಲುಚೀಲ ಹಿಮ್ಮಡಿಗೆ ಜಾರಿತ್ತು. ಆ ಕಾಲುಚೀಲವನ್ನು ಮೇಲೆಳೆಯಬೇಕೆಂದು ಸೊಸೆಗೆ ಎಷ್ಟು ಸಲ ಕೈ ತುರಿಸಿತ್ತೋ. ಅಲ್ಲಿನ ಕೋರ್ಟು ವಿಚಾರಣೆಗೆ ದಿನ ಕೊಟ್ಟಿತ್ತು. ಅದನ್ನು ನಂಬಿಯೇ ಮಗ ತಾಯಿಗೆ ಫೋನು ಮಾಡಿ, ಇನ್ನೇನು ಮಗು ಬಂದುಬಿಡುತ್ತದೆ, ಒಂದೆರಡು ತಿಂಗಳು ಜೊತೆಗಿರು ಎಂದಿದ್ದ. ತಾಯಿ ಬಂದಿಳಿದ ವಾರವೇ ಅಲ್ಲಿನ ನ್ಯಾಯಾಧೀಶರಿಗೆ ವರ್ಗವಾಯಿತು. ಹೊಸಬರು ಬರಬೇಕು, ಬಂದವರು ಎಲ್ಲವನ್ನೂ ಮೊದಲಿನಿಂದ ಓದಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರು ಅತ್ತೆ. ಸೊಸೆಗೆ ನಗು ಬರಲಿಲ್ಲ.

ಕಾಯುವುದು ಆ ಮನೆಯಲ್ಲಿ ಮೂವರಿಗೂ ಮೂರು ಥರ. ಮಗ ಲಿಫ್ಟ್ ಮೆಕ್ಯಾನಿಕ್, ಮಾತು ಕಡಿಮೆ. ಮನೆಯಲ್ಲಿ ಕಿರುಗುಟ್ಟುವ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟ, ಕಿರುಗುಟ್ಟದವಕ್ಕೂ ಬಿಟ್ಟ. ಅತ್ತೆ ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸು ಹತ್ತಿದರೆ ಊರಿನ ಈ ತುದಿಯಿಂದ ಆ ತುದಿಗೆ ಸುತ್ತಿ, ಯಾವ ಡ್ರೈವರಿಗೆ ಬ್ರೇಕು ಒತ್ತಲು ಬರುವುದಿಲ್ಲ ಎಂಬ ಸುದ್ದಿಯೊಂದಿಗೆ ಮಧ್ಯಾಹ್ನ ಬರುತ್ತಿದ್ದರು. ಸೊಸೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಮಗುವಿನ ಮಂಚವನ್ನು ಕಿಟಕಿಯ ಕೆಳಗೆ ಎಳೆದಳು. ಗಾಳಿ ಬೀಸುತ್ತದೆಂದು ಆಚೆ ಗೋಡೆಗೆ ಸರಿಸಿದಳು. ಅಲ್ಲಿ ಕತ್ತಲೆ ಎನಿಸಿ ಮತ್ತೆ ಕಿಟಕಿಗೇ ತಂದಳು. ಅದೇ ಕೋಣೆಯ ನೆಲದ ಮೇಲೆ ಮಲಗುತ್ತಿದ್ದ ಅತ್ತೆ ಮಂಚದ ಜೊತೆ ತಮ್ಮ ಹಾಸಿಗೆಯನ್ನೂ ಸರಿಸಿಕೊಂಡು ಓಡಾಡಿದರು.

ಸೊಸೆಯ ಕೆಲಸ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚು ನೋಡಿಕೊಂಡು, ಗುಲಾಬಿ ಮೇಣದಲ್ಲಿ ಹಲ್ಲು ಒಂದೊಂದಾಗಿ ಕೂರಿಸಿ, ಆಮೇಲೆ ಉಜ್ಜಿ ಹೊಳಪು ಕೊಡುವುದು. ಕೈ ನಡುಗಬಾರದ ಕೆಲಸ. ಆ ದಿನಗಳಲ್ಲಿ ಅವಳು ಒಬ್ಬ ಮುದುಕರ ಕೆಳಗಿನ ಸಾಲಿಗೆ ಹಾಲಿನಷ್ಟು ಬಿಳಿ ಹಲ್ಲು ಕೂರಿಸಿಬಿಟ್ಟಳು. ಮುದುಕರು ನಕ್ಕರೆ ಮಕ್ಕಳು ಹೆದರುತ್ತಾರೆ ಎಂದು ಡಾಕ್ಟರು ಸೆಟ್ಟನ್ನು ವಾಪಸು ಕಳಿಸಿದರು. ಮಾಲೀಕ ಬೈಯಲಿಲ್ಲ. ಬೇಕಾದರೆ ರಜೆ ತೆಗೆದುಕೊ ಎಂದ. ರಜೆ ಹಾಕಿ ಮನೆಯಲ್ಲಿ ಕೂರುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿಯೆನಿಸಿತು ಅವಳಿಗೆ. ಬೀದಿಯಲ್ಲಿ ಎದುರುಮನೆಯ ದರ್ಜಿಯ ಹೆಂಡತಿ ದಿನವೂ ಕೇಳುತ್ತಿದ್ದಳು, ಬಂತಾ ಎಂದು. ಪಾರ್ಸೆಲ್ಲು ಬಂತಾ ಎಂದು ಕೇಳುವ ಹಾಗೆ.

ಒಂದು ಸಂಜೆ ಸಂಸ್ಥೆಯಿಂದ ಫೋನು ಬಂತು. ಹೊಸ ನ್ಯಾಯಾಧೀಶರು ಬಂದಿದ್ದಾರೆ, ನಿಮ್ಮ ಮನೆ ನೋಡಿ ಬರೆದಿದ್ದ ಪರಿಶೀಲನೆಯ ವರದಿ ಹಳೆಯದಾಗುವ ಮೊದಲು ಒಂದೆರಡು ಸಂಗತಿ ಖಚಿತಪಡಿಸಿಕೊಳ್ಳಬೇಕು ಎಂದರು. ಕೆಲಸ ಅದೇ? ಅದೇ. ಮನೆ ಅದೇ? ಅದೇ. ಮನೆಯಲ್ಲಿ ನೀವಿಬ್ಬರೇ? ಈಗ ನಮ್ಮತ್ತೆ ಇದ್ದಾರೆ ಎಂದಳು ಸೊಸೆ. ಅಷ್ಟೇ ಸಾಕಾಯಿತು. ಮಗು ಬರುವ ಮನೆಯಲ್ಲಿ ವಾಸವಿರುವ ಪ್ರತಿ ದೊಡ್ಡವರ ವಿಷಯವೂ ವರದಿಯಲ್ಲಿರಬೇಕು. ಅತ್ತೆಯ ಆರೋಗ್ಯ ತಪಾಸಣೆ, ಪೊಲೀಸರ ಪ್ರಮಾಣಪತ್ರ, ಮನೆ ನೋಡಲು ಬರುವ ಅಧಿಕಾರಿಣಿಯ ಜೊತೆ ಮಾತುಕತೆ, ಎಲ್ಲ ಆಗಿ ತಿದ್ದಿದ ವರದಿ ಅಲ್ಲಿಗೆ ಮುಟ್ಟುವ ತನಕ ಕೋರ್ಟು ದಿನ ಕೊಡುವುದಿಲ್ಲ.

ಗಂಡ ಕೆಲಸದಿಂದ ಬಂದು ಬಚ್ಚಲಲ್ಲಿ ಕೈಯ ಗ್ರೀಸು ತೊಳೆಯುತ್ತಿದ್ದಾಗ ಅವಳು ಹಿಂದೆ ಹೋಗಿ ನಿಂತಳು. ದನಿ ತಗ್ಗಿಸಿಯೇ ಮಾತಾಡಿದಳು, ಆದರೆ ಆ ಮನೆಯ ಗೋಡೆ ಕಾಗದದಷ್ಟು ತೆಳು.

"ನಿಮ್ಮಮ್ಮನ್ನ ಯಾರು ಕರೆದ್ರು? ಅವರು ಬರದೇ ಇದ್ದಿದ್ರೆ ಮಗು ಇಷ್ಟೊತ್ತಿಗೆ ನಮ್ಮನೇಲಿರ್ತಿತ್ತು."

ಅಡಕತ್ತರಿಯಲ್ಲಿ ಸಿಕ್ಕಿದವನು ತೊಳೆದ ಕೈಯನ್ನೇ ಮತ್ತೆ ತೊಳೆದ. ಪಕ್ಕದ ಕೋಣೆಯಲ್ಲಿ, ಸದಾ ಏನಾದರೊಂದು ಮಾತಾಡಿಕೊಳ್ಳುವ ಅತ್ತೆ ಸುಮ್ಮನಾದದ್ದು ಇಬ್ಬರಿಗೂ ಕೇಳಿಸಿತು.

ಬೆಳಿಗ್ಗೆ ನೋಡಿದರೆ ಹಾಸಿಗೆ ಮಡಚಿತ್ತು, ಸೂಟ್‌ಕೇಸುಗಳಿರಲಿಲ್ಲ. ಅವಳು ಅರ್ಧ ಬಾಚಿದ ತಲೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ದಾರಿಯಲ್ಲೇ ಸಂಸ್ಥೆಗೆ ಫೋನು ಮಾಡಿ, ಅತ್ತೆ ಹೊರಟುಹೋದರೆ ಏನಾಗುತ್ತದೆಂದು ಕೇಳಿಯೂ ಕೇಳಿದಳು. ಅತ್ತೆ ಕಲ್ಲುಬೆಂಚಿನ ಮೇಲೆ ಸೂಟ್‌ಕೇಸುಗಳ ನಡುವೆ ಕೂತಿದ್ದರು. ಅವರೂರಿನ ಬಸ್ಸು ಆಗಲೇ ಹೋಗಿತ್ತಲ್ಲ, ಹತ್ತಲಿಲ್ಲವೇಕೆ ಎಂದು ಕೇಳಿದಾಗ, ಅದರ ಟೈರು ಸರಿಯಿರಲಿಲ್ಲ ಎಂದರು. ಅದರ ಹಿಂದಿನದು? ಅದರ ಡ್ರೈವರನ ಮುಖ ಸರಿಯಿರಲಿಲ್ಲ.

ಸೊಸೆ ಪಕ್ಕದಲ್ಲಿ ಕೂತಳು. ಕ್ಷಮಿಸಿ ಎನ್ನಬೇಕೆಂದು ಬಂದವಳು ಬೇರೆಯದೇ ಹೇಳಿದಳು.

"ಹೆಸರು ಆಗ್ಲೇ ಬರ್ಕೊಂಡಿದ್ದಾರೆ ಅತ್ತೆ. ಈಗ ನೀವು ಹೋದ್ರೆ, ಹೋದ್ರು ಅಂತ ಮತ್ತೆ ವರದಿ ತಿದ್ದಬೇಕಂತೆ."

"ಅಂದ್ರೆ ಬಂದ್ರೂ ತಪ್ಪು, ಹೋದ್ರೂ ತಪ್ಪು."

"ಇದ್ರೆ ತಪ್ಪಿಲ್ಲ. ಬನ್ನಿ, ಮನೆಗೆ ಹೋಗೋಣ."

ಅತ್ತೆ ಭಾರದ ಸೂಟ್‌ಕೇಸನ್ನು ಸೊಸೆಯ ಕಡೆ ತಳ್ಳಿ, ಹಗುರದ್ದನ್ನು ತಾವು ಎತ್ತಿಕೊಂಡರು.

ಅಧಿಕಾರಿಣಿ ನೆಗಡಿಯಲ್ಲೇ ಬಂದರು. ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಕಿಟಕಿಯ ಚಿಲಕ, ಔಷಧಿ ಇಡುವ ಕಪಾಟು ನೋಡಿದರು. ಆಮೇಲೆ ಅತ್ತೆಯೊಬ್ಬರನ್ನೇ ನಡುಮನೆಯಲ್ಲಿ ಕೂರಿಸಿಕೊಂಡರು. ಗಂಡ ಹೆಂಡತಿ ಅಡುಗೆಮನೆಯಲ್ಲಿ, ಕುದಿದು ಮುಗಿದ ಚಹಾವನ್ನು ಮತ್ತೆ ಕುದಿಸುತ್ತ ನಿಂತರು. ಬಾಗಿಲು ಮುಚ್ಚಿದ್ದರೂ ಪ್ರಯೋಜನವಿರಲಿಲ್ಲ. ಅತ್ತೆಯ ಉತ್ತರಗಳು ಬೀದಿಗೂ ಕೇಳಿಸುವಂತಿದ್ದವು. ಊಟ, ನಿದ್ದೆ, ಮೊಣಕಾಲು ಎಲ್ಲ ಆದ ಮೇಲೆ ಅಧಿಕಾರಿಣಿ, ದತ್ತು ತೆಗೆದುಕೊಳ್ಳುವುದಕ್ಕೆ ನಿಮ್ಮ ಒಪ್ಪಿಗೆ ಮೊದಲಿಂದಲೂ ಇತ್ತೇ ಎಂದು ಕೇಳಿರಬೇಕು.

"ಇರ್ಲಿಲ್ಲ," ಎಂದರು ಅತ್ತೆ. "ಬೇಡ ಅಂದಿದ್ದೆ."

ಸೊಸೆ ಗಂಡನ ತೋಳು ಹಿಡಿದುಕೊಂಡಳು. ಆಮೇಲೆ ಬಂದ ದನಿ ಎಷ್ಟು ಸಣ್ಣದಾಗಿತ್ತೆಂದರೆ ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಬೇಕಾಯಿತು.

"ನನ್ನ ಗಂಟಲು ನೋಡಿದ್ರಲ್ಲ. ನಾನು ಡ್ಯೂಟಿ ಮುಗಿಸಿ ಬಂದ್ರೆ ನನ್ನ ಮಗ ಮಂಚದ ಕೆಳಗೆ ಸೇರ್ಕೊಳ್ತಿದ್ದ. ಒಂದು ಏಟು ಹೊಡೆದವಳಲ್ಲ ನಾನು. ಬರೀ ದನಿಗೇ. ಆಟ ಆಡ್ತಾನೆ ಅಂತ ಸುಮ್ನಿದ್ದೆ, ಆಟ ಅಲ್ಲ ಅಂತ ಗೊತ್ತಿತ್ತು. ಈ ಮಗೂಗೆ ನಮ್ಮ ಭಾಷೇನೂ ಬರಲ್ಲ. ನಾನು ಬಾ ಅಂದ್ರೂ ಹೋಗು ಅಂದ ಹಾಗೆ ಕೇಳ್ಸುತ್ತೆ ಅದಕ್ಕೆ."

ಈಗ ಆ ಭಯ ಹೋಯಿತೇ ಎಂದು ಅಧಿಕಾರಿಣಿ ಕೇಳಿದರು.

"ಇಲ್ಲ. ದೂರ ಕೂತು ಹೆದರೋದಕ್ಕಿಂತ ಹತ್ತಿರ ಕೂತು ಹೆದರೋಣ ಅಂತ ಬಂದೆ."

ಮಗ ಚಹಾದ ಪಾತ್ರೆ ಇಳಿಸಿದ. ಬರಿಗೈಯಲ್ಲಿ ಇಳಿಸಿ ಕೈ ಸುಟ್ಟುಕೊಂಡ. ತಾನು ಅಡಗುತ್ತಿದ್ದದ್ದು ಹೆದರಿಕೆಗೆ ಎಂದು ಅಮ್ಮನಿಗೆ ಗೊತ್ತಿತ್ತೆಂಬುದು ಅವನಿಗೆ ಗೊತ್ತಾದದ್ದು ಆವತ್ತೇ. ಅಧಿಕಾರಿಣಿ ಹೋಗುವಾಗ, ವರದಿ ಈ ವಾರವೇ ಕಳಿಸುತ್ತೇನೆ ಎಂದರು. ಕಳಿಸಿದರು ಕೂಡ.

ಅದು ಮುಟ್ಟಿದ ಮೇಲೆ ಇನ್ನೊಂದು ತಡೆ. ಹೊಸ ನ್ಯಾಯಾಧೀಶರು ಕಡತ ಓದಿ, ಹುಡುಗಿಗೆ ಒಬ್ಬ ಚಿಕ್ಕಮ್ಮ ಇರುವಂತಿದೆ, ಆಕೆಯನ್ನು ಹುಡುಕಿ ಕೇಳದೆ ಮಗುವನ್ನು ದೇಶದಿಂದಾಚೆ ಕಳಿಸಲಾಗದು ಎಂದರಂತೆ. ಚಿಕ್ಕಮ್ಮ ಎಲ್ಲೋ ದೂರದ ಗಣಿಯೂರಿನಲ್ಲಿ ಕೆಲಸಕ್ಕಿದ್ದಳು. ತಿಳಿವಳಿಕೆ ಪತ್ರ ಹೋಯಿತು. ಅಂದಿನಿಂದ ಸೊಸೆಗೆ ಇನ್ನೊಂದು ಥರದ ಸಂಕಟ. ಚಿಕ್ಕಮ್ಮ ಸಿಗದಿರಲಿ ಎಂದು ಬಯಸುವಳು, ಬಯಸಿದ್ದಕ್ಕೆ ನಾಚುವಳು, ಮರುಗಳಿಗೆ ಮತ್ತೆ ಅದನ್ನೇ ಬಯಸುವಳು. ಲ್ಯಾಬಿನಲ್ಲಿ ಫೋನನ್ನು ಮೇಣದ ಡಬ್ಬಿಗೆ ಒರಗಿಸಿಟ್ಟುಕೊಳ್ಳುತ್ತಿದ್ದಳು. ಅದು ಮಿನುಗಿದರೆ ಕೆಲಸ ಬಿಟ್ಟು ನೋಡುತ್ತಿದ್ದಳು, ಮಿನುಗದಿದ್ದರೂ ನೋಡುತ್ತಿದ್ದಳು.

ಚಿಕ್ಕಮ್ಮ ಸಿಕ್ಕಳು. ಕೋರ್ಟಿಗೆ ಬಂದಳು. ಮಗು ಮಕ್ಕಳ ಮನೆಯಲ್ಲಿರುವುದೇ ತನಗೆ ಗೊತ್ತಿರಲಿಲ್ಲ, ತಾನು ಕರೆದುಕೊಂಡು ಹೋಗುತ್ತೇನೆ ಎಂದಳು. ಕರೆದುಕೊಂಡು ಹೋದಳು.

ಸುದ್ದಿ ಬಂದಾಗ ಸೊಸೆ ಹೊಳಪು ಕೊಡುವ ಚಕ್ರದ ಮುಂದಿದ್ದಳು. ಸರಿ ಎಂದಳು, ಥ್ಯಾಂಕ್ಸ್ ಎಂದಳು, ಕೈಯಲ್ಲಿದ್ದ ಸೆಟ್ಟನ್ನು ಮುಗಿಸಿ ನೀರಿನ ಡಬ್ಬಿಯಲ್ಲಿಟ್ಟು ಮನೆಗೆ ಬಂದಳು. ಬಾಗಿಲು ತೆರೆದ ಅತ್ತೆ ಅವಳ ಮುಖ ನೋಡಿಯೇ ವಿಷಯ ತಿಳಿದುಕೊಂಡು ಕೈಚೀಲ ಇಸಿದುಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ದರ್ಜಿಯ ಹೆಂಡತಿ ಮೆಟ್ಟಿಲಲ್ಲಿ ನಿಂತು ಅನುಕಂಪ ತೋರಿಸಿದಾಗ, ಅದು ತುತ್ತಲ್ಲ ಮಗು, ಅದರ ಚಿಕ್ಕಮ್ಮನ ಮನೆಗೆ ಹೋಗಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಸಂಜೆ ಮಗ ಬಂದು ವಿಷಯ ಕೇಳಿದವನು, ಸ್ಪ್ಯಾನರು ತೆಗೆದುಕೊಂಡು ಹೋಗಿ ಪುಟ್ಟ ಮಂಚದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಪಟ್ಟಿಗಳನ್ನು ಗೋಡೆಗೆ ಒರಗಿಸಿ, ನನ್ನಿಂದ ಇನ್ನು ಆಗುವುದಿಲ್ಲ ಎಂದ. ಇಷ್ಟು ದಿನವೂ ಅವನು ಕಾಯುತ್ತಿದ್ದನೆಂಬುದೇ ಅವಳಿಗೆ ಮರೆತುಹೋಗಿತ್ತು.

ಸಂಸ್ಥೆಯವರು, ನಿಮ್ಮ ಕಡತ ಇನ್ನೂ ಚಾಲ್ತಿಯಲ್ಲಿದೆ, ಬೇಡವಾದರೆ ತಿಳಿಸಿ ಎಂದಿದ್ದರು. ಬೇಕೆಂದೂ ತಿಳಿಸಲಿಲ್ಲ, ಬೇಡವೆಂದೂ ತಿಳಿಸಲಿಲ್ಲ. ಆ ವಿಷಯ ಊಟದ ಮೇಜಿನ ಮೇಲೆ ಯಾರೂ ಮುಟ್ಟದ ಪಾತ್ರೆಯ ಹಾಗೆ ಇತ್ತು. ಅತ್ತೆ ಊರಿಗೆ ಹೋಗುವ ಮಾತೆತ್ತಲಿಲ್ಲ, ಇವರೂ ಎತ್ತಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಮತ್ತೆ ಫೋನು. ಅದೇ ದೇಶ, ಬೇರೆ ಊರು. ಆರು ವರ್ಷದ ಹುಡುಗ. ವಯಸ್ಸು ಜಾಸ್ತಿಯಾಯಿತೆಂದು ಎರಡು ಕುಟುಂಬದವರು ಬೇಡವೆಂದಿದ್ದಾರೆ. ಹತ್ತಿರದ ನೆಂಟರು ಯಾರೂ ಇಲ್ಲವೆಂದು ಈ ಸಲ ಮೊದಲೇ ವಿಚಾರಿಸಿದ್ದಾರೆ. ಒಂದು ವಾರದಲ್ಲಿ ಉತ್ತರ ಬೇಕು. ಅವಳು ಹೂಂ ಎನ್ನಲು ತುದಿಗಾಲಲ್ಲಿದ್ದಳು. ಗಂಡ ಫೋಟೋ ನೋಡಲೂ ಒಪ್ಪಲಿಲ್ಲ. ವಾರ ಮುಗಿಯುತ್ತ ಬಂದಾಗ ಅವನು ತಾಯಿಯ ಮುಂದೆ ಹೋಗಿ ಕೂತ.

"ನೀನು ಮೊದಲೇ ಬೇಡ ಅಂದಿದ್ದೆ ಅಲ್ವಾಮ್ಮ?"

"ಅಂದಿದ್ದೆ. ನನ್ನ ಮಾತು ಯಾವತ್ತು ಕೇಳಿದ್ದೀಯ, ಇವತ್ತು ಕೇಳೋಕೆ?"

ಅವನು ನಕ್ಕ, ತಿಂಗಳುಗಳಾದ ಮೇಲೆ. ಫೋಟೋ ಕೇಳಿ ತೆಗೆದುಕೊಂಡು, ಹುಡುಗನ ಮುಖವನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಅವನ ಎತ್ತರವನ್ನು ನೋಡಿದ. ಮರುದಿನ ಕೆಲಸ ಮುಗಿಸಿ ಬರುವಾಗ ಉದ್ದನೆಯ ಮಂಚ ತಂದ.

ಮತ್ತೆ ಕಾಯುವುದಿತ್ತು, ಕಾದರು. ಈ ಸಲದ ಕೋರ್ಟು ಕೊಟ್ಟ ದಿನಕ್ಕೇ ಕೂತಿತು. ಗಂಡ ಹೆಂಡತಿ ಹೋಗಿ, ಕಾನೂನು ಹೇಳಿದಷ್ಟು ದಿನ ಅಲ್ಲಿದ್ದು, ಹುಡುಗನನ್ನು ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಅವನು ಅಳಲಿಲ್ಲ, ನಗಲಿಲ್ಲ, ಕೊಟ್ಟದ್ದನ್ನು ತಿಂದ. ಮನೆಯಲ್ಲಿ ಅತ್ತೆ ಅವನ ಮುಂದೆ ಬಗ್ಗಿ, ಪಿಸುಮಾತಿನಲ್ಲಿ ಬಾ ಮರಿ ಎಂದರು. ಅವನು ಅವರನ್ನು ಸುತ್ತು ಹಾಕಿಕೊಂಡು ಒಳಗೆ ಹೋದ.

ಕತ್ತಲಾಗುತ್ತಿದ್ದಂತೆ ಅವನಿಗೆ ಕಣ್ಣು ಎಳೆಯುತ್ತಿತ್ತು, ಆದರೂ ಮಂಚದ ತುದಿಯಲ್ಲಿ ಕೈ ಕಟ್ಟಿ ನೆಟ್ಟಗೆ ಕೂತೇ ಇದ್ದ. ಮಲಗು ಎಂದು ಸನ್ನೆ ಮಾಡಿದರೆ ತಲೆಯಾಡಿಸಿ ಏನೋ ಕೇಳಿದ. ತಾನು ಫೋನು ನೋಡಿ ಕಲಿತಿದ್ದ ಅವನ ಭಾಷೆಯಲ್ಲಿ ಅವಳಿಗೆ ತಿಳಿದದ್ದು ಒಂದೇ ಪದ, ಯಾವಾಗ. ಯಾವಾಗ ಊಟವೆಂದೇ? ಆಗಲೇ ಉಂಡಿದ್ದಾನೆ. ಯಾವಾಗ ವಾಪಸು ಹೋಗುವುದೆಂದೇ? ಅವನು ಮತ್ತೆ ಕೇಳಿದ, ಮತ್ತೆ ಯಾವಾಗ. ಕೊನೆಗೆ ಅಲ್ಲಿ ತಮಗೆ ದುಭಾಷಿಯಾಗಿದ್ದ ಹೆಂಗಸಿಗೆ ಫೋನು ಮಾಡಿ, ಹುಡುಗನ ಕೈಗೆ ಕೊಟ್ಟಳು. ಅವನು ಗಂಭೀರವಾಗಿ ಮಾತಾಡಿ ಫೋನು ವಾಪಸು ಕೊಟ್ಟ. ದುಭಾಷಿ ಹೇಳಿದಳು: ಅಲ್ಲಿ ಆಯಾ ಬಂದು ಇಡೀ ಕೋಣೆಯ ದೀಪ ಆರಿಸುವ ತನಕ ಯಾರೂ ಮಲಗುವಂತಿಲ್ಲ, ನಿಮ್ಮ ಮನೆಯಲ್ಲಿ ದೀಪ ಆರಿಸುವವರು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಾನೆ.

ಅವಳು ಅವನನ್ನು ಗೋಡೆಯ ಸ್ವಿಚ್ಚಿನ ಹತ್ತಿರ ಕರೆದುಕೊಂಡು ಹೋದಳು. ಬೆರಳು ಹಿಡಿದು ಸ್ವಿಚ್ಚಿನ ಮೇಲಿಟ್ಟಳು. ಅವನು ಅವಳ ಮುಖ ನೋಡಿದ, ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ, ಅತ್ತೆಯ ಮುಖ ನೋಡಿದ, ಒತ್ತಿದ. ದೀಪ ಆರಿತು. ಮತ್ತೆ ಒತ್ತಿದ. ದೀಪ ಹೊತ್ತಿತು, ಎಲ್ಲರೂ ಅಲ್ಲೇ ಇದ್ದಾರೆಯೇ ಎಂದು ನೋಡಿಕೊಂಡ. ಮತ್ತೆ ಆರಿಸಿದ, ಮತ್ತೆ ಹೊತ್ತಿಸಿದ. ಅವನಿಗೆ ಸಾಕೆನಿಸುವ ತನಕ ಮೂವರೂ ಅಲ್ಲಿಂದ ಕದಲಲಿಲ್ಲ.