ಮಕ್ಕಳ ವಾರ್ಡಿನ ಮಂಚ

"ಲೇ ಮುಂಡೆ, ಅದೇನು ನೀನು ಹೆತ್ತ ಕೂಸೇನೆ, ತಟ್ತಾ ಕೂತಿದ್ದೀಯ? ಬೇಗ ಬೇಗ ತುಂಬು."

ಮೇಸ್ತ್ರಿಯ ಬೈಗುಳ ಹಳದಿಯ ಕಿವಿಗೆ ಬೀಳಲೇ ಇಲ್ಲ. ಫಿರಂಗಿ ಗುಂಡುಗಳಿಗೆ ಮದ್ದು ತುಂಬಿ ತುಂಬಿ ಅಂಗೈ, ಉಗುರು, ಕಣ್ಣಿನ ಬಿಳಿಯೆಲ್ಲ ಹಳದಿಗಟ್ಟಿದ್ದಕ್ಕೆ ಬಂದ ಹೆಸರು ಅದು. ಮದ್ದು ಸಮನಾಗಿ ಕೂರಬೇಕಾದರೆ ಗುಂಡಿನ ಬೆನ್ನನ್ನು ಮೆತ್ತಗೆ ತಟ್ಟುತ್ತಿರಬೇಕು. ಇದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಗಳನ್ನು ಮಲಗಿಸಿ ರೂಢಿಯಾದ ಕೈ.

ಆ ಮಗಳು ಕಣ್ಣು ಮುಚ್ಚಿದ್ದು ಕಾರ್ಖಾನೆಯ ಗೋಡೆಯಾಚೆಗಿನ ಆಸ್ಪತ್ರೆಯಲ್ಲಿ. ಉಸಿರು ಕೊಡುವ ಯಂತ್ರ ಕೆಟ್ಟಿತ್ತು, ರಿಪೇರಿಗೆ ದುಡ್ಡಿರಲಿಲ್ಲ. ಆಮೇಲೆ ಮಕ್ಕಳ ವಾರ್ಡಿಗೇ ಬೀಗ ಬಿತ್ತು. ಕಾರ್ಖಾನೆಗೆ ಮಾತ್ರ ಯಾವ ಬರವೂ ಇಲ್ಲ, ದಿನೇ ದಿನೇ ಕೊಬ್ಬಿತು. ಗುಂಡು ಇಡಲು ಜಾಗ ಸಾಲದಾದಾಗ ವಾರ್ಡಿನ ಪುಟ್ಟ ಮಂಚಗಳನ್ನೇ ತಳ್ಳಿಕೊಂಡು ಬಂದರು. ಸುತ್ತ ಕಂಬಿ, ಕೆಳಗೆ ಚಕ್ರ, ಇದಕ್ಕಿಂತ ಅನುಕೂಲ ಬೇಕೆ! ಒಂದರ ಕಂಬಿಯಲ್ಲಿ ಬಣ್ಣ ಕಿತ್ತಿತ್ತು. ಹಲ್ಲು ಮೂಡುವಾಗ, ಅದರಲ್ಲೇ ಮಲಗಿದ್ದ ಹಳದಿಯ ಮಗಳು ಕಚ್ಚಿದ್ದು. ಅದು ಇಲ್ಲಿಗೆ ಬಂದಂದಿನಿಂದ ಹಳದಿಗೆ ಅದರೊಳಗೆ ಮಗಳ ಗೊರಗೊರ ಉಸಿರು ಕೇಳುತ್ತದೆ. ತುಂಬಿದ ಗುಂಡನ್ನು ಅದರಲ್ಲಿಟ್ಟು, ಮೈಮರೆತು ಸೆರಗು ಹೊದಿಸಲು ಹೋಗಿ ಎಷ್ಟೋ ಸಲ ಬೈಸಿಕೊಂಡಿದ್ದಾಳೆ.

ಈಗ ತಂಗಿಯ ಕೂಸಿಗೂ ಅದೇ ಉಸಿರು. ತಂಗಿ ಅದನ್ನು ಎತ್ತಿಕೊಂಡು ಬೆಳಿಗ್ಗೆಯಿಂದ ವಾರ್ಡಿನ ಬೀಗದ ಮುಂದೆ ಕೂತಿದ್ದಾಳೆ.

ಅವತ್ತೇ ಖಜಾನೆಯ ದೊಡ್ಡ ಸಾಹೇಬರು ಕಾರ್ಖಾನೆಗೆ ಬಂದರು. ದೇಶದ ಗಳಿಕೆ ಸದ್ಯ ತೆವಳುತ್ತಿದೆ, ಆದರೂ ರಕ್ಷಣೆಯ ಖರ್ಚು ಓಡಲೇಬೇಕು, ಅದರ ಹಿಂದೆಯೇ ಗಳಿಕೆಯೂ ಎದ್ದು ಬರುತ್ತದೆ, ಅಲ್ಲಿಯ ತನಕ ಹೊಟ್ಟೆಬಟ್ಟೆ ಕಟ್ಟಿ ದುಡಿಯಿರಿ ಎಂದರು. ಮನೆಗೆ ಮೊದಲು ಗೋಡೆ ಭದ್ರವಾಗಿರಬೇಕಂತೆ.

"ಗೋಡೆ ಒಳಗೆ ಯಾರು ಉಳೀತಾರೆ ಸ್ವಾಮಿ?" ಎಂದಳು ಹಳದಿ. "ವಾರ್ಡಿನ ಬೀಗ ತೆಗೆಸಿ, ಈ ಮಂಚ ವಾಪಸ್ ಕೊಡಿ. ಪಕ್ಕದಲ್ಲೇ ಒಂದು ಕೂಸು ಸಾಯ್ತಾ ಇದೆ."

ಸಾಹೇಬರು ಮೇಸ್ತ್ರಿಯ ಮುಖ ನೋಡಿದರು. ಈ ಹುಚ್ಚು ರಂಡೆಯನ್ನು ಆಚೆಗೆ ದಬ್ಬಿ ಎಂದು ಮೇಸ್ತ್ರಿ ಕಾವಲಿನವರಿಗೆ ಹೇಳಿದ.

ಹಳದಿ ಆ ಮಂಚದಲ್ಲಿದ್ದ ಒಂದೇ ಗುಂಡನ್ನು ಎತ್ತಿ ಎದೆಗವಚಿಕೊಂಡಳು. ಕಾವಲಿನವರು ನಿಂತಲ್ಲೇ ನಿಂತರು. ತುಂಬಿದ ಗುಂಡು ಕೈಯಲ್ಲಿದ್ದವರನ್ನು ಯಾರೂ ಮುಟ್ಟಕೂಡದು, ಅದು ಅಲ್ಲಿಯ ಮೊದಲ ಕಾನೂನು. ಅವಳು ನಡೆದು ಬಂದು ಗುಂಡನ್ನು ಸಾಹೇಬರ ತೋಳಿನಲ್ಲಿಟ್ಟಳು.

"ಈಗಷ್ಟೇ ಮಲಗಿದೆ ಸ್ವಾಮಿ. ಮೆತ್ತಗೆ ತಟ್ತಾ ಇರಿ. ನಿಲ್ಲಿಸಬೇಡಿ."

ಯಾರೂ ಅಲುಗಬೇಡಿ, ಗುಂಡು ಜಾರಿದರೆ ಎಲ್ಲರೂ ಹೋದೆವು ಎಂದು ಮೇಸ್ತ್ರಿ ಕಾವಲಿನವರನ್ನು ತಡೆದ. ಈಗ ಸಾಹೇಬರನ್ನೂ ಯಾರೂ ಮುಟ್ಟುವಂತಿರಲಿಲ್ಲ. ಮದ್ದು ತುಂಬುವ ಹೆಂಗಸರೆಲ್ಲ ಎದ್ದು ದಾರಿ ಬಿಟ್ಟರು. ಹಳದಿ ಖಾಲಿ ಮಂಚವನ್ನು ತಳ್ಳಿಕೊಂಡು ಬಾಗಿಲು ದಾಟಿದಳು. ಚಕ್ರದ ಕಿರ್ರೆನ್ನುವ ಸದ್ದು ಅಂಗಳದುದ್ದಕ್ಕೂ ಹೋಯಿತು.

ಗೋಡೆಯಾಚೆಯಿಂದ, ಅಯ್ಯೋ ನನ್ನ ಕೂಸೇ ಎಂದು ತಂಗಿ ಗೋಳಿಟ್ಟ ಕೂಗು ಬಂತು. ಚಕ್ರದ ಸದ್ದು ನಿಂತಿತು.

ಒಳಗೆ ಸಾಹೇಬರು ತಟ್ಟುತ್ತಲೇ ಇದ್ದರು.