ಅಕ್ಕನ ಕಣ್ಣು ಕಟ್ಟುವುದು

ಕಣ್ಕಟ್ಟು ವಿದ್ಯೆ ನನಗೆ ಚಿಕ್ಕಂದಿನಲ್ಲೇ ಕೈಕೊಟ್ಟಿತು. ಕಾರಣ ನನ್ನ ಅಕ್ಕ. ಅಂಗಿಯ ಗುಂಡಿಯೊಂದನ್ನು ಮಾಯ ಮಾಡಿ ಎರಡೂ ಮುಷ್ಟಿ ಚಾಚಿದರೆ, ಅವಳು ಹೋಂವರ್ಕಿನಿಂದ ಅರ್ಧ ತಲೆ ಎತ್ತಿ "ಎಡಗೈ" ಅನ್ನುತ್ತಿದ್ದಳು. ಪ್ರತಿ ಸಲವೂ ಸರಿಯಾಗಿಯೇ ಹೇಳುತ್ತಿದ್ದಳು ಎನ್ನುವುದೇ ಸಂಕಟ. ಒಮ್ಮೆ ನೆಂಟರೆದುರೂ ಹಾಗೇ ಮಾನ ಕಳೆದಳು. ಅವತ್ತೇ ಜಾದೂಗೆ ಕೈಮುಗಿದುಬಿಟ್ಟೆ.

ದೊಡ್ಡವನಾಗಿ ಕ್ಷೌರಿಕನಾದೆ. ಅಂಗಡಿಯಲ್ಲಿ ಗೋಡೆಯಗಲ ಕನ್ನಡಿ, ಗಿರಾಕಿಗಳಿಲ್ಲದ ಮಧ್ಯಾಹ್ನಗಳು. ನಲವತ್ತು ದಾಟಿದ ಮೇಲೆ ಹಳೇ ಚಟ ಮತ್ತೆ ಅಂಟಿಕೊಂಡಿತು. ಇಸ್ಪೀಟೆಲೆಗಳನ್ನು ಬೀಸಣಿಗೆಯಂತೆ ಬಿಡಿಸುವುದು, ಚೆಂಡನ್ನು ಬೆರಳುಗಳ ಸಂದಿಯಲ್ಲಿ ಅಡಗಿಸುವುದು, ಎಲ್ಲ ಬಂತು. ಗುಂಡಿ ಮಾತ್ರ ಬರಲೊಲ್ಲದು. ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಬಸ್ ಡ್ರೈವರ್ ಕೂಡ ಹಿಡಿದುಬಿಟ್ಟ.

"ಅದ್ಹೇಗ್ರೀ ಗೊತ್ತಾಯ್ತು?" ಅಂದೆ.

"ನಿಮ್ಮ ಕೈ ಯಾರು ನೋಡಿದ್ರು? ನೀವು ಎಲ್ಲಿ ನೋಡ್ತಿದ್ರೋ ನಾನೂ ಅಲ್ಲೇ ನೋಡ್ದೆ."

ನನಗೆ ಕಣ್ಣು ತೆರೆಯಿತು. ಮೊದಲು ಕಟ್ಟಬೇಕಾದ್ದು ನನ್ನ ಕಣ್ಣನ್ನೇ. ಗುಂಡಿ ಇಲ್ಲದ ಕೈಯಲ್ಲೇ ಅದು ಇದೆ ಎಂದು ನಾನೇ ನಂಬಬೇಕು. ಇಷ್ಟನ್ನು ಕಲಿಯಲು ವರ್ಷಗಳೇ ಹಿಡಿದವು. ಈ ನಡುವೆ ಕೆಲವು ಮೀಸೆಗಳು ಹೆಚ್ಚುಕಮ್ಮಿಯಾದವು, ಮೀಸೆಯವರು ದೊಡ್ಡ ಮನಸ್ಸು ಮಾಡಿದರು.

ಮೊನ್ನೆ ಅಕ್ಕ ಅಂಗಡಿಗೆ ಬಂದಳು. ಈಗವಳು ಶಾಲೆಯೊಂದರ ಹೆಡ್ ಮೇಡಂ. ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಟೀ ಲೋಟ ಕೆಳಗಿಡುವ ಮೊದಲೇ ಗುಂಡಿ ತೋರಿಸಿ, ಮುಷ್ಟಿ ಚಾಚಿದೆ. ಐವತ್ತರ ಹತ್ತಿರದ ಗಂಡಸಿನ ಎದೆ ಹಾಗೆ ಹೊಡೆದುಕೊಳ್ಳಬಾರದು.

"ಇನ್ನೂ ಬಿಟ್ಟಿಲ್ವೇನೋ ಇದನ್ನ? ಬಲಗೈ."

ಬಿಡಿಸಿದೆ. ಖಾಲಿ.

"ಹಾಗಾದ್ರೆ ಎಡಗೈ."

ಅದೂ ಖಾಲಿ.

ಅಕ್ಕ ನನ್ನ ಕೈ ತಿರುಗಿಸಿ ನೋಡಿದಳು, ಅಂಗಿಯ ತೋಳು ಮಡಿಸಿ ನೋಡಿದಳು, ಕುರ್ಚಿಯ ಕೆಳಗೂ ಬಗ್ಗಿದಳು. ಬಗ್ಗಿದವಳು ಕೂದಲು ಬಿದ್ದ ನೆಲ ಎನ್ನುವುದನ್ನೂ ಲೆಕ್ಕಿಸದೆ ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು. ಮಕ್ಕಳ ಹಾಗೆ ಬಾಯಿ ತೆರೆದುಕೊಂಡು ನನ್ನ ಮುಖ ನೋಡಿದಳು.

"ಇನ್ನೊಂದ್ಸಲ ಮಾಡೋ" ಅಂದಳು.

ಒಂದೇ ಆಟವನ್ನು ಒಬ್ಬರಿಗೇ ಎರಡನೇ ಸಲ ತೋರಿಸಬಾರದು, ಸಿಕ್ಕಿಬೀಳುತ್ತೇವೆ. ಜೀವ ಹೋದರೂ ಜಾದೂಗಾರರು ಮುರಿಯದ ನಿಯಮ ಅದು. ಆ ನಿಯಮ ಮಾಡಿದವರಿಗೆ ಅಕ್ಕ ಇರಲಿಲ್ಲವೆಂದು ಕಾಣುತ್ತದೆ. ನಾನೂ ಅವಳೆದುರು ನೆಲಕ್ಕೆ ಕೂತು, ಮತ್ತೆ ಮಾಡಿದೆ.